ಕಾಡುಗಿಡದ ಹಾಲು: ಮದ್ದೋ, ವಿಷವೋ?

ಕೊಡಗಿನ ಮನೆಗಳಲ್ಲಿ ಕಕ್ಕಡ ಮಾಸದ 18ನೆಯ ದಿನ ಮದ್ದುಸೊಪ್ಪಿನ ಪಾಯಸ ಮಾಡುವ ಸಂಪ್ರದಾಯವಿದೆ. ಆ ಸೊಪ್ಪು ಆಡುಸೋಗೆಯ ಕುಟುಂಬಕ್ಕೆ ಸೇರಿದುದು. ಆದರೆ ಕಾಡಿನ ಗಿಡವೆಲ್ಲ ಮದ್ದೆಂದು ಭಾವಿಸುವುದು ಸರಿಯಲ್ಲ. ಮುರಿದರೆ ಸಾಮಾನ್ಯವಾಗಿ ಹಾಲು ಒಸರುವ ಕಣಗಿಲೆ ಮತ್ತು ಎಕ್ಕದ ಕುಟುಂಬದ ವಿಷಯದಲ್ಲಂತೂ ಈ ಭಾವನೆ ಪ್ರಾಣಾಪಾಯವನ್ನು ತರಬಲ್ಲದು.

ಈ ಕುಟುಂಬದಲ್ಲಿ ಔಷಧಿಯೂ ಉಂಟು. ಸರ್ಪಗಂಧಿಯ ಬೇರಿನಿಂದ 1952ರಲ್ಲಿ ವಿಜ್ಞಾನಿಗಳು ರಿಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ರಕ್ತದೊತ್ತಡವನ್ನು ತಗ್ಗಿಸುತ್ತದೆ. ಆದರೆ ಬೇರಿನ ತುಂಡೊಂದರಲ್ಲಿ ಅದು ಎಷ್ಟಿದೆಯೆಂದು ಕಣ್ಣಳತೆಯಿಂದ ತಿಳಿಯದು. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಅದನ್ನು ಸೇವಿಸಬಾರದು.

ಬೇಲಿಯಲ್ಲಿ ಬೆಳೆಯುವ ಕಣಗಿಲೆಯ ಎಲೆ, ಬೇರು, ಬೀಜ ಎಲ್ಲವೂ ವಿಷ. ಅದು ಹೃದಯದ ಬಡಿತವನ್ನು ಕೆಡಿಸುತ್ತದೆ. ಒಣಗಿಸಿದರೂ ಕುದಿಸಿದರೂ ವಿಷ ಹೋಗದು. ಮುಳ್ಳು ತೆಗೆಯಲು ಎಕ್ಕದ ಹಾಲನ್ನು ಹಚ್ಚುವವರುಂಟು. ಅದು ಕಣ್ಣಿಗೆ ಸಿಡಿದರೆ ನೋವಿಲ್ಲದೆಯೇ ದೃಷ್ಟಿ ಮಸುಕಾಗಬಹುದು. ಕೂಡಲೇ ಶುದ್ಧವಾದ ನೀರಿನಿಂದ ಕನಿಷ್ಠ 15 ನಿಮಿಷ ಕಣ್ಣನ್ನು ತೊಳೆದು, ವೈದ್ಯರಿಗೆ ತೋರಿಸಿರಿ.

ಸೋದರಿಯರೇ, ಬೇಡವಾದ ಗರ್ಭವನ್ನು ಕಳೆಯಲೆಂದು ಈ ಗಿಡಗಳ ಹಾಲನ್ನೋ ಬೇರನ್ನೋ ಬಳಸಿ ಪ್ರಾಣ ಕಳೆದುಕೊಂಡವರಿದ್ದಾರೆ. ಅಂಥ ಸಲಹೆಗೆ ಕಿವಿಗೊಡಬೇಡಿರಿ. 1971ರ ವೈದ್ಯಕೀಯ ಗರ್ಭಪಾತ ಕಾಯಿದೆಗೆ 2021ರಲ್ಲಿ ತಿದ್ದುಪಡಿಯಾಗಿದೆ. ಗರ್ಭನಿರೋಧಕ ವಿಧಾನ ವಿಫಲವಾದುದೂ ಸೇರಿದಂತೆ, ಅದರಲ್ಲಿ ಹೇಳಿರುವ ಕಾರಣಗಳಿಗಾಗಿ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತ ಮಾಡಿಸಿಕೊಳ್ಳಬಹುದು. ವಯಸ್ಕ ಸ್ತ್ರೀಗೆ ತನ್ನ ಒಪ್ಪಿಗೆಯೊಂದೇ ಸಾಕು. ಪತಿಯ ಸಹಿ ಬೇಕಿಲ್ಲ. ವೈದ್ಯರು ವಿಷಯವನ್ನು ಗುಟ್ಟಾಗಿಡಬೇಕೆಂಬುದೂ ಕಾನೂನೇ ಆಗಿದೆ.

ಯಾರಾದರೂ ಈ ಗಿಡಗಳನ್ನು ತಿಂದಿದ್ದರೆ:

1. ವಾಂತಿ ಮಾಡಿಸಲು ಯತ್ನಿಸಬೇಡಿರಿ, ಮನೆಮದ್ದು ಕೊಡಬೇಡಿರಿ.
2. ಕೂಡಲೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸೇರಿಸಿರಿ. ರೋಗಿ ಚೆನ್ನಾಗಿದ್ದಂತೆ ಕಂಡರೂ ಕಾಯಬೇಡಿರಿ.
3. ತಿಂದ ಗಿಡದ ರೆಂಬೆಯೊಂದನ್ನು ಜೊತೆಯಲ್ಲಿ ಒಯ್ಯಿರಿ. ವಿಷ ಯಾವುದೆಂದು ತಿಳಿಯಲು ವೈದ್ಯರಿಗೆ ಅದು ನೆರವಾಗುವುದು.

ಮನೆಯ ಸುತ್ತ ಇಂಥ ಗಿಡಗಳಿದ್ದರೆ ಮಕ್ಕಳಿಗೆ ಅವುಗಳ ಗುರುತನ್ನು ಇಂದೇ ಹೇಳಿಕೊಡಿರಿ. ಸಂದೇಹವಿದ್ದಲ್ಲಿ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನಾಗಲಿ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನಾಗಲಿ ಸಂಕೋಚವಿಲ್ಲದೆ ವಿಚಾರಿಸಿರಿ.