ಪದದ ಅರ್ಥ, ಪದಗಳ ನೆಂಟಸ್ತಿಕೆ: ಇಂಗ್ಲಿಷ್ ಕಲಿಕೆಯ ಒಂದು ವಿಚಾರ

ಗದ್ದೆಯಲ್ಲಿ ಬೆಳೆಯುವುದು ಭತ್ತ, ಗಿರಣಿಯಿಂದ ಬರುವುದು ಅಕ್ಕಿ, ಎಲೆಗೆ ಬಡಿಸುವುದು ಅನ್ನ. ಬಿಕ್ಕೋಡಿನ ಸುತ್ತಲಿನ ಹಳ್ಳಿಯ ಬಾಲಕನು ಈ ಭೇದವನ್ನು ಶಾಲೆಗೆ ಬರುವ ಮೊದಲೇ ಬಲ್ಲನು. ಇಂಗ್ಲಿಷಿನವರಿಗಾದರೋ ಮೂರಕ್ಕೂ 'ರೈಸ್' ಎಂದರೆ ಸಾಗುತ್ತದೆ. ಭತ್ತಕ್ಕೆಂದು ಬಳಸುವ 'ಪ್ಯಾಡಿ' ಸಹ ಮಲಯ ಭಾಷೆಯಿಂದ ಬಂದ ಎರವಲು. ಆದುದರಿಂದ 'ಅಕ್ಕಿ ಎಂದರೆ ರೈಸ್' ಎಂದು ಬರೆದುಕೊಂಡ ವಿದ್ಯಾರ್ಥಿಯು ಅರ್ಥವನ್ನು ಕಲಿತನೆನ್ನಲಾಗದು. ಒಂದು ಪದದೆದುರು ಇನ್ನೊಂದನ್ನು ಇಟ್ಟನು, ಅಷ್ಟೆ.

ಇದರ ವಿಪರ್ಯಾಸವೂ ಉಂಟು. ಕನ್ನಡದ 'ಕಾಲು' ತೊಡೆಯಿಂದ ಪಾದದವರೆಗೆ ಎಲ್ಲಕ್ಕೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ 'ಲೆಗ್' ಬೇರೆ, 'ಫುಟ್' ಬೇರೆ. 'ಬೆರಳು' ಕೈಗೂ ಕಾಲಿಗೂ ಒಂದೇ. ಅಲ್ಲಿ 'ಫಿಂಗರ್', 'ಟೋ' ಎಂದು ಎರಡು. ಬಾಲಕನು 'ಲೆಗ್ ಫಿಂಗರ್' ಎಂದು ಬರೆದರೆ ಅದು ಅಜ್ಞಾನವಲ್ಲ. ಕನ್ನಡದ ತರ್ಕ ಇಂಗ್ಲಿಷಿನ ಅಂಗಿ ತೊಟ್ಟು ಬಂದಿದೆ. ಕೆಂಪು ಶಾಯಿಯ ಗೆರೆಯೊಂದೇ ಇದಕ್ಕೆ ಚಿಕಿತ್ಸೆಯಾಗದು.

ವಿರುದ್ಧ ಪದಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. 'ಹಾಟ್', 'ಕೋಲ್ಡ್' ಎಂಬವುಗಳ ನಡುವೆ ಉಗುರುಬೆಚ್ಚಗಿನ ನೀರಿಗೆ ಸ್ಥಳವಿದೆ. 'ಅಲೈವ್', 'ಡೆಡ್' ನಡುವೆ ಅಂಥ ಸ್ಥಳವಿಲ್ಲ. 'ಬೈ', 'ಸೆಲ್' ಎಂಬವು ಒಂದೇ ವ್ಯವಹಾರದ ಎರಡು ಮುಖಗಳು: ಬೆಳೆಗಾರನು ಕಾಫಿ ಮಾರಿದನೆಂದರೆ ಬೇರೊಬ್ಬನು ಕೊಂಡನೆಂದೇ ಅರ್ಥ. ಇನ್ನು 'ಲೈಟ್' ಎಂಬುದಕ್ಕೆ ವಿರುದ್ಧ ಪದ ಯಾವುದು? ಮೂಟೆಯ ಮಾತಾದರೆ 'ಹೆವಿ', ಬಣ್ಣದ ಮಾತಾದರೆ 'ಡಾರ್ಕ್'. 'ಓಲ್ಡ್' ಎಂಬುದಕ್ಕೂ ಮನುಷ್ಯನಾದರೆ 'ಯಂಗ್', ಕೊಡೆಯಾದರೆ 'ನ್ಯೂ'. ವಾಕ್ಯವನ್ನೇ ಕೊಡದೆ ಬರಿಯ ಪದಕ್ಕೆ ವಿರುದ್ಧ ಪದ ಕೇಳುವ ಪ್ರಶ್ನೆಪತ್ರಿಕೆಯಲ್ಲಿ ದೋಷವು ಪ್ರಶ್ನೆಯದೇ ಹೊರತು ಮಗುವಿನದಲ್ಲ. ಅಂಕ ಕಳೆದುಕೊಳ್ಳುವುದು ಮಾತ್ರ ಮಗು.

ಸಮಾನಾರ್ಥಕಗಳೆಂಬುವೂ ಪೂರ್ಣ ಸಮಾನವಲ್ಲ. ನೀರು, ಜಲ ಒಂದೇ ಆದರೂ ಬಾಯಾರಿದವನು 'ಜಲ ಕೊಡಿ' ಎನ್ನನು. ಅಂತೆಯೇ 'ಬಿಗ್ ಬ್ರದರ್' ಅಣ್ಣನಾದರೆ, 'ಲಾರ್ಜ್ ಬ್ರದರ್' ದಪ್ಪನೆಯ ಸೋದರನಾದಾನು. ಮಲೆನಾಡಿನಲ್ಲಿ ಮಳೆಯೂ ಜೋರು, ಗಾಳಿಯೂ ಜೋರು. ಇಂಗ್ಲಿಷಿನಲ್ಲಿ ಮಳೆ 'ಹೆವಿ', ಗಾಳಿ 'ಸ್ಟ್ರಾಂಗ್'. ಇದಕ್ಕೆ ಸೂತ್ರವಿಲ್ಲ, ಪದವು ಯಾರೊಡನೆ ಕೂಡುತ್ತದೆಂಬುದನ್ನು ಕಿವಿಯೇ ಕಲಿಯಬೇಕು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಇಂದಿಗೂ ಬೆಲೆಯುಳ್ಳದ್ದಾಗಿರುವುದಕ್ಕೆ ಒಂದು ಕಾರಣವೂ ಇದೇ: ಅದು ಅರ್ಥವನ್ನಷ್ಟೇ ಹೇಳದೆ ಪ್ರಯೋಗಗಳನ್ನೂ ಗಾದೆಗಳನ್ನೂ ಜೊತೆಗಿಡುತ್ತದೆ. ವಿದ್ಯಾರ್ಥಿಯ ಪದಪಟ್ಟಿಯಲ್ಲಿಯೂ ಪ್ರತಿ ಪದದ ಪಕ್ಕದಲ್ಲಿ ಒಂದು ವಾಕ್ಯವಿದ್ದರೆ ಅರ್ಧ ತೊಂದರೆ ನೀಗೀತು.

ಊರು ಬದಲಾದಂತೆ ಅರ್ಥವೂ ಬದಲಾಗುತ್ತದೆ. ಇಂಗ್ಲಿಷಿನ 'ಎಸ್ಟೇಟ್' ಸತ್ತವನು ಬಿಟ್ಟುಹೋದ ಆಸ್ತಿಯೂ ಆಗಬಹುದು. ಬೇಲೂರು ಸೀಮೆಯಲ್ಲಿ ಎಸ್ಟೇಟೆಂದರೆ ಕಾಫಿ ತೋಟವೇ. ಕಾಲವೂ ಅರ್ಥವನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಜಿಂಕೆಯನ್ನು ಸೂಚಿಸುವ ಇಂಗ್ಲಿಷಿನ 'ಡಿಯರ್' ಹಿಂದೊಮ್ಮೆ ಯಾವುದೇ ಪ್ರಾಣಿಗೆ ಸಲ್ಲುತ್ತಿದ್ದ ಮಾತು. ಸಂಸ್ಕೃತದ 'ಮೃಗ'ಕ್ಕೂ ಕಾಡುಪ್ರಾಣಿ, ಜಿಂಕೆ ಎಂಬೆರಡು ಅರ್ಥಗಳುಂಟು. ಇಂದಿನ ಕನ್ನಡದಲ್ಲಿ ಹುಲಿಯೂ ಮೃಗವೇ. ಆದರೆ ಜೂನ್ ತಿಂಗಳಲ್ಲಿ ರೈತನು ಎದುರುನೋಡುವ ಮೃಗಶಿರಾ ಮಳೆಯ ಹೆಸರಿನಲ್ಲಿ ಜಿಂಕೆಯ ತಲೆ ಹಾಗೆಯೇ ಉಳಿದಿದೆ.