ಉಪ್ಪಿನ ರಸ್ತೆ, ಕಿತ್ತಳೆ ಕೇಬಲ್

ಪ್ರಶ್ನೆ: ನಮ್ಮ ಮಗ ಕೆನಡಾದಾಗ ಇರ್ತಾನ. ಈ ವರ್ಷ ಸೆಕೆಂಡ್‌ಹ್ಯಾಂಡ್ ಹೈಬ್ರಿಡ್ ಕಾರು ತಗೊಂಡಾನ. ಅಲ್ಲಿ ಚಳಿಗಾಲಕ್ಕ ರಸ್ತಾದ ಮ್ಯಾಲ ಉಪ್ಪು ಸುರೀತಾರಂತ, ಅದರಿಂದ ಕಾರಿನ ಕೆಳಗಿನ ದೊಡ್ಡ ಕರೆಂಟಿನ ಕೇಬಲ್ ತಿಂದು ಹೋಗತೈತಿ ಅಂತ ಹೇಳಿದ. ಖರೇ ಏನು? ನಾನೂ ಒಂದು ಹೈಬ್ರಿಡ್ ತಗೋಬೇಕಂತ ಮಾಡೀನಿ. ನಮ್ಮ ಕಡೆ ನೀರು ಸವಳು. ಇಲ್ಲೂ ಹಂಗ ಆಗತೈತೇನು?
– ಓದುಗರೊಬ್ಬರು, ಹೊರ್ತಿ, ಇಂಡಿ ತಾಲ್ಲೂಕು

ಉತ್ತರ: ನಿಮ್ಮ ಮಗ ಹೇಳಿದ್ದು ಖರೇ. ಟೊಯೋಟಾ ರಾವ್4 ಹೈಬ್ರಿಡ್ ಕಾರಿನ 2019ರಿಂದ ಶುರುವಾದ ಕೆಲವು ವರ್ಷಗಳ ಮಾದರಿಗಳಲ್ಲಿ, ಅದರಲ್ಲೂ ಕೆನಡಾ ಮತ್ತು ಅಮೆರಿಕದ ಹಿಮದ ಸೀಮೆಗಳಲ್ಲಿ, ಇದು ದೊಡ್ಡ ದೂರೇ ಆಯಿತು. ಆ ಕಾರಿನಲ್ಲಿ ಎಂಜಿನ್‌ನಿಂದ ಹಿಂದಿನ ಚಕ್ರಕ್ಕೆ ಶಾಫ್ಟ್ ಹೋಗುವುದಿಲ್ಲ. ಹಿಂದಿನ ಚಕ್ರಗಳಿಗೆ ಬೇರೆಯೇ ಒಂದು ಕರೆಂಟ್ ಮೋಟರು ಇದೆ. ಮುಂದಿನ ಬಾನೆಟ್ ಕೆಳಗಿರುವ ಇನ್ವರ್ಟರ್‌ನಿಂದ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಾರಿನ ಹೊಟ್ಟೆಯಡಿ ಹಾದು ಆ ಮೋಟರಿಗೆ ಸೇರುತ್ತದೆ. ಅದು ಸೇರುವ ಕನೆಕ್ಟರ್, ಚಕ್ರಗಳು ಎರಚುವ ರಾಡಿ ನೀರು ನೇರವಾಗಿ ಬೀಳುವ ಜಾಗದಲ್ಲಿದೆ. ಕೇಬಲ್ಲಿನ ಸುತ್ತ ನೇಯ್ದ ಲೋಹದ ಬಲೆ ಮತ್ತು ಕನೆಕ್ಟರ್‌ನ ಕವಚ ಕೂಡುವ ಸಂದಿಯಲ್ಲಿ ಉಪ್ಪುನೀರು ಹೊಕ್ಕು ಕಿಲುಬು ಹಿಡಿಯಿತು. ಮೊದಮೊದಲು ‘ಇದು ತುಕ್ಕಿನ ಲೆಕ್ಕ, ಹೈಬ್ರಿಡ್ ವಾರಂಟಿಗೆ ಬರುವುದಿಲ್ಲ’ ಎಂಬ ಉತ್ತರ ಸಿಕ್ಕಿ ಹಲವರು ಸಾವಿರಾರು ಡಾಲರ್ ತೆತ್ತರು. ಗಲಾಟೆ ಜೋರಾದ ಮೇಲೆ ಕಂಪನಿ ಆ ಮಾದರಿಗಳ ಕೇಬಲ್ಲಿಗೆ ವಾರಂಟಿ ವಿಸ್ತರಿಸಿತು.

ಹೊಲದ ಕೊಳವೆಬಾವಿಯಿಂದ ಸಬ್‌ಮರ್ಸಿಬಲ್ ಮೋಟರು ಎತ್ತಿಸಿದ್ದರೆ ನಿಮಗೆ ಈ ರೋಗ ಹೊಸದಲ್ಲ. ಕೇಬಲ್ ಜಾಯಿಂಟಿನ ಟೇಪು ಸಡಿಲಾಗಿ ನೀರು ಹೊಕ್ಕರೆ ಮೋಟರು ಚೆನ್ನಾಗಿದ್ದರೂ ಸ್ಟಾರ್ಟರ್ ಟ್ರಿಪ್ ಆಗುತ್ತದೆ. ಇನ್ಸುಲೇಶನ್ ಅಳೆಯುವ ಮೇಗರ್ ಹಚ್ಚಿದರೆ ಕರೆಂಟು ಅರ್ಥ್ ಆಗುತ್ತಿರುವುದು ತಿಳಿಯುತ್ತದೆ. ಹೈಬ್ರಿಡ್ ಕಾರಿನಲ್ಲಿ ಆ ಪರೀಕ್ಷೆಯನ್ನು ಕಾರೇ ಸದಾ ಮಾಡಿಕೊಳ್ಳುತ್ತಿರುತ್ತದೆ. ಹೈವೋಲ್ಟೇಜ್ ತಂತಿಯಿಂದ ಕಾರಿನ ಮೈಗೆ ಸ್ವಲ್ಪ ಕರೆಂಟು ಸೋರಿದರೂ ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆ ಬರುತ್ತದೆ. ಆದ್ದರಿಂದ ಕಾರು ಮುಟ್ಟಿದರೆ ಶಾಕ್ ಹೊಡೆದೀತು ಎಂದು ಮನೆಯವರು ಹೆದರಬೇಕಿಲ್ಲ. ಹೆದರಬೇಕಾದ್ದು ಆ ಕನೆಕ್ಟರನ್ನು ಸ್ವತಃ ಬಿಚ್ಚುವುದಕ್ಕೆ. ರಾವ್4ನಲ್ಲಿ ಮೋಟರಿಗೆ ಹೋಗುವ ವೋಲ್ಟೇಜು 600 ದಾಟುತ್ತದೆ. ಕಾರು ಆಫ್ ಮಾಡಿದರೂ ಇನ್ವರ್ಟರ್‌ನ ಕೆಪ್ಯಾಸಿಟರ್‌ಗಳಲ್ಲಿ ಕರೆಂಟು ಉಳಿದಿರುತ್ತದೆ. ತರಬೇತಿ ಪಡೆದ ಮೆಕ್ಯಾನಿಕ್ ಕೂಡ 1000 ವೋಲ್ಟಿನ ರಬ್ಬರ್ ಗ್ಲೌಸು ತೊಟ್ಟು, ಸರ್ವಿಸ್ ಪ್ಲಗ್ ಕಿತ್ತು, ಹತ್ತು ನಿಮಿಷ ಕಾದ ಮೇಲೆಯೇ ಅಲ್ಲಿಗೆ ಕೈಹಾಕುತ್ತಾನೆ.

ಉಪ್ಪು ಯಾಕೆ ಇಷ್ಟು ಕೆಡಿಸುತ್ತದೆ? ಉದಾಹರಣೆಗೆ, ಅಲ್ಯೂಮಿನಿಯಂ ಮೇಲೆ ತಾನಾಗಿಯೇ ತೆಳ್ಳನೆಯ ಒಂದು ಪದರ ಕಟ್ಟಿ ಲೋಹವನ್ನು ಕಾಯುತ್ತದೆ. ಉಪ್ಪಿನ ಕ್ಲೋರೈಡ್ ಆ ಪದರವನ್ನು ಒಡೆಯುತ್ತದೆ. ಎರಡು ಬೇರೆ ಬೇರೆ ಲೋಹ ತಾಗಿ ನಿಂತು, ನಡುವೆ ಉಪ್ಪುನೀರು ನಿಂತರೆ, ಒಂದು ಲೋಹ ಇನ್ನೊಂದರ ಸಲುವಾಗಿ ಕರಗುತ್ತದೆ. ಶೇ 23ರಷ್ಟು ಉಪ್ಪಿರುವ ನೀರು ಮೈನಸ್ 21 ಡಿಗ್ರಿಯವರೆಗೂ ಹೆಪ್ಪುಗಟ್ಟುವುದಿಲ್ಲ, ಅದಕ್ಕೇ ರಸ್ತೆಗೆ ಸುರಿಯುವುದು. ಆದರೆ ಮೈನಸ್ 10ರ ಕೆಳಗೆ ಬರೀ ಅಡುಗೆ ಉಪ್ಪಿನಿಂದ ಹಿಮ ಕರಗುವುದು ತೀರಾ ನಿಧಾನ, ಆಗ ಕ್ಯಾಲ್ಸಿಯಂ ಇಲ್ಲವೇ ಮೆಗ್ನೀಸಿಯಂ ಕ್ಲೋರೈಡ್ ಬಳಸುತ್ತಾರೆ. ಇವು ಒಣ ಹವೆಯಿಂದಲೂ ತೇವ ಹೀರಿಕೊಳ್ಳುತ್ತವೆ. ಹಾಗಾಗಿ ಸಂದಿಯೊಳಗೆ ಕೂತ ಉಪ್ಪು ಒಣಗುವುದೇ ಇಲ್ಲ. ಕೆನಡಾ ಒಂದೇ ವರ್ಷಕ್ಕೆ ಸುಮಾರು 50 ಲಕ್ಷ ಟನ್ ಉಪ್ಪು ರಸ್ತೆಗೆ ಹಾಕುತ್ತದೆ. ಇದು ಹೊಳೆ, ಕೆರೆಗಳಿಗೂ ವಿಷವೆಂದು ಅಲ್ಲಿನ ಸರ್ಕಾರವೇ 2001ರಲ್ಲಿ ತೀರ್ಮಾನಿಸಿ, 2004ರಲ್ಲಿ ಬಳಕೆಗೆ ಒಂದು ಸಂಹಿತೆ ತಂದಿತು. ಉಪ್ಪು ಸುರಿಯುವುದು ಮಾತ್ರ ನಿಂತಿಲ್ಲ; ರಸ್ತೆಯಲ್ಲಿ ಜಾರಿ ಸಾಯುವವರನ್ನು ಉಳಿಸಲು ಅಷ್ಟು ಅಗ್ಗದ ದಾರಿ ಬೇರೆ ಇಲ್ಲ.

ನಿಮ್ಮ ಮಗನಿಗೆ ಮೊದಲು ಹೇಳಬೇಕಾದ ಮಾತು: ಬೆಚ್ಚಗಿನ ಗ್ಯಾರೇಜಿನಲ್ಲಿ ಕಾರು ನಿಲ್ಲಿಸಿದರೆ ಕ್ಷೇಮ ಎಂದುಕೊಳ್ಳುವುದು ತಪ್ಪು. ಹೆಪ್ಪುಗಟ್ಟಿದ ಉಪ್ಪುನೀರು ಹೆಚ್ಚು ಕೆಡಿಸುವುದಿಲ್ಲ. ಅದೇ ನೀರು ಗ್ಯಾರೇಜಿನ ಬಿಸಿಗೆ ಕರಗಿತೆಂದರೆ ಕಿಲುಬಿಗೆ ವೇಗ ಬರುತ್ತದೆ. ಹವೆ ಸೊನ್ನೆ ಡಿಗ್ರಿಗಿಂತ ಮೇಲೇರಿದ ದಿನಗಳಲ್ಲಿ ಕಾರಿನ ತಳಕ್ಕೂ ನೀರು ಹಾಯಿಸುವ ವಾಷಿಂಗ್‌ಗೆ ಒಯ್ಯಲಿ. ಚಳಿಗಾಲ ಮುಗಿದ ಮೇಲೆ ಒಮ್ಮೆ ಚೆನ್ನಾಗಿ ತೊಳೆಸಲಿ. ಪ್ರೆಶರ್ ಪೈಪಿನ ಮೂತಿಯನ್ನು ಕಿತ್ತಳೆ ಕನೆಕ್ಟರ್‌ಗೆ ಹತ್ತಿರ ಹಿಡಿಯುವುದು ಬೇಡ, ಹೊರಗಿದ್ದ ಉಪ್ಪು ಸೀಲಿನೊಳಗೆ ನುಗ್ಗುತ್ತದೆ. ತುಕ್ಕು ತಡೆಯುವ ಎಣ್ಣೆ ಹೊಡೆಸುವ ರೂಢಿ ಅಲ್ಲಿ ಬಹಳ. ಕಾರಿನ ಮೈಗೆ ಹೊಡೆಸಲಿ, ಆದರೆ ಕಿತ್ತಳೆ ಕೇಬಲ್ಲಿಗೂ ಅದರ ಜೋಡಣೆಗೂ ಡೀಲರ್ ಒಪ್ಪದೆ ಏನನ್ನೂ ಹಚ್ಚಿಸಬಾರದು. ನಾಳೆ ವಾರಂಟಿ ಕೇಳಲು ಹೋದಾಗ ಅದೇ ಕುಂಟುನೆಪವಾದೀತು. ಸೆಕೆಂಡ್‌ಹ್ಯಾಂಡ್ ಕಾರಾದ್ದರಿಂದ ಚಾಸಿ ನಂಬರು ಕೊಟ್ಟು, ಕೇಬಲ್ಲಿನ ವಿಸ್ತರಿತ ವಾರಂಟಿ ತನ್ನ ಕಾರಿಗೆ ಇದೆಯೇ ಎಂದು ಲಿಖಿತವಾಗಿ ಪಡೆಯಲಿ. ಪ್ರತಿ ಸರ್ವಿಸಿನಲ್ಲೂ ಹಿಂದಿನ ಮೋಟರಿನ ಕನೆಕ್ಟರ್ ನೋಡಿದ್ದಾರೆಂದು ಬಿಲ್ಲಿನಲ್ಲೇ ಬರೆಸಲಿ.

ಇನ್ನು ನಿಮ್ಮ ವಿಷಯ. ನಮ್ಮಲ್ಲಿ ಹೆಚ್ಚು ಓಡುವ ಇನ್ನೋವಾ ಹೈಕ್ರಾಸ್, ಹೈರೈಡರ್ ಹೈಬ್ರಿಡ್‌ಗಳು ಬಿಡದಿಯಲ್ಲಿ ತಯಾರಾಗುತ್ತವೆ. ಎರಡರಲ್ಲೂ ಮುಂದಿನ ಚಕ್ರಗಳೇ ಎಳೆಯುತ್ತವೆ. ಹಿಂದೆ ಮೋಟರು ಇಲ್ಲ, ಆದ್ದರಿಂದ ಕೆನಡಾದಲ್ಲಿ ಕೆಟ್ಟ ಆ ಜೋಡಣೆಯೇ ಇಲ್ಲಿಲ್ಲ. ಮಂಗಳೂರು, ಕಾರವಾರದವರು ಇದೇ ಪ್ರಶ್ನೆ ಕೇಳಿದ್ದರೆ ಕಡಲ ಗಾಳಿಯ ಬಗ್ಗೆಯೂ, ಮೀನಿನ ಲಾರಿಗಳು ಹೆದ್ದಾರಿಯುದ್ದಕ್ಕೂ ಸೋರಿಸುವ ಉಪ್ಪುನೀರಿನ ಬಗ್ಗೆಯೂ ಬರೆಯಬೇಕಾಗುತ್ತಿತ್ತು. ಸೊಲ್ಲಾಪುರ ರಸ್ತೆಯ ಹೊರ್ತಿಯಲ್ಲಿ ಮಳೆಯೇ ಕಡಿಮೆ, ವರ್ಷದ ಬಹುಪಾಲು ಒಣ ಹವೆ. ಅದು ನಿಮಗೆ ಅನುಕೂಲ.

ಆದರೂ ಸವಳು ನೀರಿನ ಬಗ್ಗೆ ನಿಮಗಿರುವ ಅನುಮಾನಕ್ಕೆ ಅರ್ಥವಿದೆ. ಮಳೆಗಾಲದಲ್ಲಿ ಹೊಲದ ದಾರಿಯ ಎರಿ ಮಣ್ಣು ಕಾರಿನ ತಳಕ್ಕೆ ಮೆತ್ತಿಕೊಂಡರೆ ದಿನಗಟ್ಟಲೆ ಆರುವುದಿಲ್ಲ. ಕ್ಲಿಪ್ಪು, ಬ್ರ್ಯಾಕೆಟ್ಟುಗಳ ಸಂದಿಯಲ್ಲಿ ತೇವ ಹಿಡಿದಿಡುವುದು ಈ ಮಣ್ಣೇ. ಅದು ಗಟ್ಟಿಯಾಗುವ ಮೊದಲೇ ತೊಳೆಸಿ. ಬೋರಿನ ನೀರು ಒಣಗಿದ ಮೇಲೆ ಕರಿ ಬಣ್ಣದ ಬಂಪರ್ ಮೇಲೆ ಬಿಳಿ ಕಲೆ ಉಳಿಯುತ್ತಿದ್ದರೆ, ಅದೇ ಕಲೆ ತಳದಲ್ಲೂ ಇದೆಯೆಂದು ತಿಳಿಯಿರಿ. ತೊಳೆಯುವಾಗ ಕೊನೆಯ ಎರಡು ಕೊಡ ಸಿಹಿನೀರಾಗಲಿ, ಆಮೇಲೆ ಬಿಸಿಲಿಗೆ ನಿಲ್ಲಿಸಿ. ಯೂರಿಯಾ, ಡಿಎಪಿ ಚೀಲಗಳನ್ನು ಕಾರಿನ ಡಿಕ್ಕಿಯಲ್ಲಿ ತರಬೇಡಿ. ಹೈರೈಡರ್‌ನ ಹೈವೋಲ್ಟೇಜ್ ಬ್ಯಾಟರಿ ಇರುವುದು ಅಲ್ಲಿಯೇ. ಗೊಬ್ಬರದ ಪುಡಿ ತೇವ ಹೀರಿ ತಾಮ್ರವನ್ನು ಕೆಡಿಸುತ್ತದೆ.

ನಿಮ್ಮ ಊರಿನಲ್ಲಿ ನಾನು ಉಪ್ಪಿಗಿಂತ ಹೆಚ್ಚು ಅಂಜುವುದು ಇಲಿಗೆ. ಜೋಳದ ಚೀಲಗಳ ಪಕ್ಕ, ಕಣಕಿ ಬಣಿವೆಯ ಹತ್ತಿರ ವಾರಗಟ್ಟಲೆ ನಿಂತ ಕಾರಿನೊಳಗೆ ಅವು ಗೂಡು ಕಟ್ಟುತ್ತವೆ. ಆಗಾಗ ಬಾನೆಟ್ ಎತ್ತಿ ಟಾರ್ಚ್ ಹಚ್ಚಿ ನೋಡಿ. ಕಿತ್ತಳೆ ಕೇಬಲ್ಲಿನ ಮೇಲೆ ಹಲ್ಲಿನ ಗುರುತು ಕಂಡರೆ ಟೇಪು ಸುತ್ತಿ ಓಡಿಸಬೇಡಿ, ಪರಿಚಯದ ಎಲೆಕ್ಟ್ರಿಷಿಯನ್‌ನನ್ನೂ ಕರೆಯಬೇಡಿ. ಕಾರು ನಿಂತಲ್ಲೇ ಇರಲಿ, ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಟೋಯಿಂಗ್ ಗಾಡಿ ತರಿಸಿ.