ಎರಡೂ ವಿಮಾನಕ್ಕೆ ಎರಡೂವರೆ ಗಂಟೆಯೇ? – 9ನೇ ತರಗತಿಯ ಒಂದು ಅಭ್ಯಾಸ ಪಾಠ

ವಿಷಯ: ಸಮಾಜ ವಿಜ್ಞಾನ
ಪಾಠಾಂಶ: ರೇಖಾಂಶ ಮತ್ತು ಕಾಲ
ಬೋಧನೋಪಕರಣಗಳು: ಭೂಗೋಳ, ದಾರ, ಅಳತೆಪಟ್ಟಿ

ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ. 2018ರ ಡಿಸೆಂಬರಿನಲ್ಲಿ ಕಣ್ಣೂರು ನಿಲ್ದಾಣ ಆರಂಭವಾದ ಮೇಲೆ ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ದುಬೈ ವಿಮಾನ ಸಿಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ನಡುವೆ ನೇರ ವಿಮಾನ ಆರಂಭಿಸಿತು. ಈ ಎರಡು ಪ್ರಯಾಣಗಳನ್ನೇ ಪಾಠಕ್ಕೆ ಆರಿಸಿಕೊಂಡೆ. ಲೆಕ್ಕಕ್ಕೆಂದು ನಾನು ಇಟ್ಟುಕೊಂಡ ವೇಳೆ (ಚಳಿಗಾಲ, ಆಯಾ ಊರಿನ ಸಮಯ):

ಅ) ಕಣ್ಣೂರು ಬೆಳಿಗ್ಗೆ 10:00 – ದುಬೈ ಮಧ್ಯಾಹ್ನ 12:30
ಆ) ಬೆಂಗಳೂರು ಮಧ್ಯಾಹ್ನ 2:30 – ಸ್ಯಾನ್ ಫ್ರಾನ್ಸಿಸ್ಕೋ ಅದೇ ದಿನ ಸಂಜೆ 5:00

ಮೊದಲ ತರಗತಿ

15 ಡಿಗ್ರಿಗೆ ಒಂದು ಗಂಟೆ ಎಂಬ ಸೂತ್ರ ಹೇಳಿ ಹಾರಾಟದ ಅವಧಿ ಕೇಳಿದೆ. ಹೆಚ್ಚಿನ ಮಕ್ಕಳು ಎರಡಕ್ಕೂ ಎರಡೂವರೆ ಗಂಟೆ ಎಂದರು. ಒಬ್ಬ ಹುಡುಗ ಎದ್ದು, "ಮಿಸ್, ಬಸ್ಸಲ್ಲಿ ಬೆಂಗಳೂರಿಗೇ ಆರು ಗಂಟೆ ಬೇಕು. ಅಮೆರಿಕಕ್ಕೆ ಎರಡೂವರೆ ಹೇಗೆ?" ಎಂದ. "ಅದು ಆಮೇಲೆ" ಎಂದು ಕೂರಿಸಿ, ಸರಿಯುತ್ತರವನ್ನು ನಾನೇ ಹಲಗೆಯ ಮೇಲೆ ಬರೆದೆ. ಮಕ್ಕಳು ನಕಲು ಮಾಡಿಕೊಂಡರು. ಮರುದಿನ ಹೊಸ ಲೆಕ್ಕ ಕೊಟ್ಟಾಗ ಮತ್ತೆ ಅದೇ ತಪ್ಪು. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು ಒಂದೇ ಸಾಲು: "ಪಾಠ ಆ ಹುಡುಗನ ಪ್ರಶ್ನೆಯಿಂದ ಶುರುವಾಗಬೇಕಿತ್ತು."

ಇನ್ನೊಂದು ವಿಭಾಗದಲ್ಲಿ

ಈ ಸಲ ಆ ಪ್ರಶ್ನೆಯನ್ನೇ ಹಲಗೆಯ ಮೇಲೆ ಬರೆದು ಆರಂಭಿಸಿದೆ.

1. ದೂರ: ನಮ್ಮ ಭೂಗೋಳದ ಸಮಭಾಜಕ ವೃತ್ತ 94 ಸೆಂ.ಮೀ.; ನಿಜದಲ್ಲಿ ಸುಮಾರು 40,000 ಕಿ.ಮೀ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಿಗಿಯಾಗಿ ಹಿಡಿದ ದಾರ 33 ಸೆಂ.ಮೀ., ಅಂದರೆ ಸುಮಾರು 14,000 ಕಿ.ಮೀ. ದಾರ ಸೈಬೀರಿಯಾದ ಉತ್ತರದ ಅಂಚನ್ನು ಮುಟ್ಟಿದಾಗ ಮಕ್ಕಳಿಗೆ ಅಚ್ಚರಿ. ಕಣ್ಣೂರು–ದುಬೈ ಸುಮಾರು 2,600 ಕಿ.ಮೀ.

2. ಪರೀಕ್ಷೆ: 14,000 ÷ 2.5 = ಗಂಟೆಗೆ 5,600 ಕಿ.ಮೀ. ದೊಡ್ಡ ಪ್ರಯಾಣಿಕ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಉತ್ತರ ಸರಿಯಿಲ್ಲವೆಂದು ಮಕ್ಕಳೇ ಹೇಳಿದರು.

3. ಒಂದೇ ಗಡಿಯಾರ: ಭಾರತದ ಕಾಲ 82½° ಪೂರ್ವ ರೇಖಾಂಶದ್ದು, ದುಬೈಯದು 60° ಪೂರ್ವದ್ದು; 22½ ÷ 15 = ಒಂದೂವರೆ ಗಂಟೆ. ಸ್ಯಾನ್ ಫ್ರಾನ್ಸಿಸ್ಕೋದ್ದು 120° ಪಶ್ಚಿಮದ್ದು; 202½ ÷ 15 = ಹದಿಮೂರೂವರೆ ಗಂಟೆ. ಎರಡೂ ಊರು ನಮಗಿಂತ ಹಿಂದೆ. ಆದ್ದರಿಂದ ದುಬೈ ತಲುಪಿದಾಗ ಇಲ್ಲಿ ಮಧ್ಯಾಹ್ನ 2:00. ಹಾರಾಟ 4 ಗಂಟೆ. ಸ್ಯಾನ್ ಫ್ರಾನ್ಸಿಸ್ಕೋ ತಲುಪಿದಾಗ ಇಲ್ಲಿ ಮರುದಿನ ಬೆಳಿಗ್ಗೆ 6:30. ಹಾರಾಟ 16 ಗಂಟೆ.

4. ಮತ್ತೆ ಪರೀಕ್ಷೆ: ಸರಾಸರಿ ವೇಗ ಗಂಟೆಗೆ 650 ಮತ್ತು 875 ಕಿ.ಮೀ. ಎರಡೂ ನಂಬುವಂಥವು. ಮೊದಲನೆಯದು ಯಾಕೆ ಕಡಿಮೆ? ಏರಲು, ಇಳಿಯಲು, ರನ್‌ವೇಗೆ ಸಾಗಲು ಹಿಡಿಯುವ ಹೊತ್ತು ಚಿಕ್ಕ ಪ್ರಯಾಣದಲ್ಲಿ ದೊಡ್ಡ ಪಾಲು.

"ಬರುವಾಗಲೂ ಹದಿನಾರೇ ಗಂಟೆಯಾ?" ಎಂದು ಒಬ್ಬಳು ಕೇಳಿದಳು. ಅಲ್ಲ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮೇಲ್ಗಾಳಿ ಹೋಗುವಾಗ ನೆರವಾಗುತ್ತದೆ. ಮಹಿಳಾ ಪೈಲಟ್‌ಗಳೇ ನಡೆಸಿದ, ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದ ಮೊದಲ ವಿಮಾನಕ್ಕೆ 17 ಗಂಟೆಗೂ ಹೆಚ್ಚು ಹಿಡಿಯಿತು.

ಸಹಪ್ರಶಿಕ್ಷಣಾರ್ಥಿಗಳಿಗೆ

ದಾರದ ಅಳತೆ ಅತಿ ಹತ್ತಿರದ ದಾರಿಯದು. ವಿಮಾನ ಅದೇ ದಾರಿಯಲ್ಲಿ ಹೋಗಬೇಕೆಂದಿಲ್ಲ ಎಂಬುದನ್ನು ಮಕ್ಕಳಿಗೆ ತಿಳಿಸಿ. ಕಾಲದ ಸೂತ್ರಕ್ಕೆ ಮೊದಲು ದೂರ ಅಳೆಸಿ. ದೂರ ಗೊತ್ತಿದ್ದರೆ ಮಗು ತನ್ನ ಉತ್ತರವನ್ನು ತಾನೇ ಅನುಮಾನಿಸಬಲ್ಲದು. ಆ ಹುಡುಗ ಮಾಡಿದ್ದೂ ಅದನ್ನೇ. ಅವನ ಕೈಯಲ್ಲಿದ್ದ ಅಳತೆಪಟ್ಟಿ ಬೆಂಗಳೂರಿನ ಬಸ್ಸು.